ಧಮನಿಯ ಭಿತ್ತಿಯಲ್ಲಿ ಕಂಡುದು

ಟೆಕ್ಸಸ್ ಸಂಸ್ಥಾನದ ರಾಜಧಾನಿಯಾದ ಆಸ್ಟಿನ್ ನಗರದಲ್ಲಿ, 1888ರಲ್ಲಿ ಕೆಂಪುಛಾಯೆಯ ಗ್ರಾನೈಟ್ ಶಿಲೆಯಿಂದ ಕಟ್ಟಿ ಮುಗಿಸಿದ ಶಾಸನಭವನದೊಳಗೆ, 2009ನೆಯ ಇಸವಿಯಲ್ಲಿ ಅಂಗೀಕೃತವಾದ 1290ನೆಯ ಸಂಖ್ಯೆಯ ಮಸೂದೆಯು ವೈದ್ಯದ ಚರಿತ್ರೆಯಲ್ಲಿಯೂ ಶಾಸನಗಳ ಚರಿತ್ರೆಯಲ್ಲಿಯೂ ಅಪೂರ್ವವೆನ್ನಬಹುದಾದುದು. ಎದೆನೋವಾಗಲಿ ಏದುಸಿರಾಗಲಿ ಇಲ್ಲದೆ, ತಾನು ಸ್ವಸ್ಥನೆಂದೇ ನಂಬಿಕೊಂಡು ದಿನಗಳೆಯುತ್ತಿರುವ ಮನುಷ್ಯನ ಧಮನಿಗಳ ಭಿತ್ತಿಯನ್ನು ಯಂತ್ರದಿಂದ ಪರೀಕ್ಷಿಸಿ ನೋಡುವುದಕ್ಕೆ ತಗಲುವ ವೆಚ್ಚವನ್ನು ವಿಮಾ ಕಂಪೆನಿಯೇ ಭರಿಸತಕ್ಕದ್ದು ಎಂದು ಅದು ವಿಧಿಸಿತು; ಅಮೆರಿಕದ ಬೇರೆ ಯಾವ ಸಂಸ್ಥಾನವೂ ಅದಕ್ಕೆ ಮುಂಚೆ ಅಂಥ ವಿಧಿಯನ್ನು ಮಾಡಿರಲಿಲ್ಲ. ಬ್ರೌನ್ಸ್‌ವಿಲ್ ಊರಿನ ಪ್ರತಿನಿಧಿ ರೆನೆ ಒಲಿವೇರಾ ಅವರು ಮಂಡಿಸಿ, ಗವರ್ನರ್ ರಿಕ್ ಪೆರಿ ಅವರು ಅಂಕಿತ ಹಾಕಿದ ಈ ಶಾಸನವು ಆ ವರ್ಷದ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿತು. 45 ದಾಟಿ 76 ಮುಟ್ಟದ ಗಂಡಸರು ಮತ್ತು 55 ದಾಟಿ 76 ಮುಟ್ಟದ ಹೆಂಗಸರು, ಅವರಲ್ಲಿಯೂ ಸಕ್ಕರೆ ಕಾಯಿಲೆಯುಳ್ಳವರು ಅಥವಾ ಹೃದ್ರೋಗದ ಸಂಭವ ಮಧ್ಯಮ ಪ್ರಮಾಣಕ್ಕೆ ಕಡಮೆಯಿಲ್ಲವೆಂದು ಲೆಕ್ಕದಿಂದ ಕಂಡುಬಂದವರು, 5 ವರ್ಷಕ್ಕೊಮ್ಮೆ 200 ಡಾಲರುಗಳ ಮಿತಿಯೊಳಗೆ, ಹೃದಯಧಮನಿಗಳಲ್ಲಿ ಕೂತ ಸುಣ್ಣವನ್ನು ಅಳೆಯುವ ಸಿ.ಟಿ. ಸ್ಕ್ಯಾನನ್ನೋ ಕೊರಳಿನ ಧಮನಿಗಳ ಅಲ್ಟ್ರಾಸೌಂಡನ್ನೋ ಮಾಡಿಸಿಕೊಳ್ಳಬಹುದೆಂಬುದು ಅದರ ಸಾರಾಂಶ.

ಡಲ್ಲಾಸಿನ ಸುತ್ತಣ ಪ್ಲೇನೋ, ಫ್ರಿಸ್ಕೋ, ಅರ್ವಿಂಗ್‌ಗಳಲ್ಲಿಯೂ, ಹೂಸ್ಟನ್ನಿನ ಅಂಚಿನ ಶುಗರ್‌ಲ್ಯಾಂಡಿನಲ್ಲಿಯೂ, ಆಸ್ಟಿನ್ನಿನ ಉತ್ತರಕ್ಕಿರುವ ರೌಂಡ್‌ರಾಕ್, ಸೀಡರ್‌ಪಾರ್ಕ್‌ಗಳಲ್ಲಿಯೂ ಇಂದು ನೆಲಸಿರುವ ಕನ್ನಡ ಕುಟುಂಬಗಳಿಗೆ ಈ ವಿಷಯವು ದೂರದ ವಾರ್ತೆಯಾಗಿ ಉಳಿಯಬಾರದೆಂಬ ಕಳಕಳಿಯಿಂದ ಈ ಲೇಖನವನ್ನು ಬರೆಯುತ್ತಿದ್ದೇನೆ. ಊರಿನಲ್ಲಿರುವ ತಂದೆಗೆ ಸ್ಟೆಂಟ್ ಹಾಕಿಸಿದ ಸುದ್ದಿಯನ್ನೋ, ನಲವತ್ತರ ಹರೆಯದ ಗೆಳೆಯನು ನಿದ್ದೆಯಲ್ಲಿಯೇ ತೀರಿಕೊಂಡ ಸುದ್ದಿಯನ್ನೋ ಕೇಳಿ, ಮರುದಿನವೇ ಯಾವುದೋ ಆಸ್ಪತ್ರೆಗೆ ಧಾವಿಸಿ, ‘ಕ್ಯಾಲ್ಷಿಯಂ ಸ್ಕೋರ್’ ಮಾಡಿಸಿಕೊಂಡು, ಬಂದ ಅಂಕಿಯ ಅರ್ಥವೇನೆಂದು ತಿಳಿಯದೆ ಹಿಗ್ಗುವವರೂ ಕುಗ್ಗುವವರೂ ನಮ್ಮಲ್ಲಿ ಅನೇಕರಿದ್ದಾರೆ. ಆ ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳಲಾರದು ಎಂಬುದನ್ನು ವಿವೇಚಿಸುವುದಕ್ಕೆ ಟೆಕ್ಸಸ್ಸಿನ ಆಸ್ಟಿನ್, ಹೂಸ್ಟನ್, ಡಲ್ಲಾಸ್ ಎಂಬ ಮೂರು ನಗರಗಳ ವೃತ್ತಾಂತವೇ ಬೇಕಾದಷ್ಟು ಸಾಮಗ್ರಿಯನ್ನು ಒದಗಿಸುತ್ತದೆ.

ಕೊಳವೆಬಾವಿಯ ಗಡಸುನೀರು ಕಾಯಿಸಿದ ಹಂಡೆಯ ಒಳಮೈಗೆ ಸುಣ್ಣದ ಪೊರೆ ಕಟ್ಟಿಕೊಳ್ಳುವಂತೆ ರಕ್ತನಾಳದ ಒಳಗೂ ಕೊಬ್ಬು ಅಂಟಿಕೊಂಡು ದಾರಿಯನ್ನು ಕಿರಿದುಮಾಡುತ್ತದೆ ಎಂಬ ಕಲ್ಪನೆ ಜನಸಾಮಾನ್ಯದಲ್ಲಿ ಬೇರೂರಿದೆ. ವಾಸ್ತವವು ಇದಕ್ಕಿಂತ ಬಹಳ ಜಟಿಲವಾದುದು. ಧಮನಿಯ ಭಿತ್ತಿ ಲೋಹದಂತೆ ಜಡವಲ್ಲ. ಅದು ಸಜೀವ ಪದಾರ್ಥ. ರಕ್ತದಲ್ಲಿರುವ ಎಲ್‌ಡಿಎಲ್ ಎಂಬ ಕೊಬ್ಬಿನ ಕಣಗಳು ಭಿತ್ತಿಯ ಒಳಪದರವನ್ನು ತೂರಿ ಅದರ ಹಿಂದೆ ಸೇರಿಕೊಳ್ಳುತ್ತವೆ. ಅವುಗಳನ್ನು ನುಂಗಲು ಬಂದ ಬಿಳಿಯ ರಕ್ತಕಣಗಳು ನುಂಗಿ ನುಂಗಿ ಅಲ್ಲಿಯೇ ಸಾಯುತ್ತವೆ. ಆ ಅವಶೇಷದ ಮೇಲೆ ದೇಹವು ನಾರಿನ ಮುಚ್ಚಳವೊಂದನ್ನು ಹೊದಿಸುತ್ತದೆ. ವೈದ್ಯರು ಪ್ಲಾಕ್ ಎಂದು ಕರೆಯುವುದು ಇದನ್ನೇ. ವರ್ಷಗಳು ಕಳೆದಂತೆ ಅದರಲ್ಲಿ ಸುಣ್ಣದ ಅಂಶ ಕೂಡಿಕೊಳ್ಳುತ್ತದೆ. ಷಿಕಾಗೋದ ಸೀಮೋರ್ ಗ್ಲಾಗೋವ್ ಅವರು 1987ರಲ್ಲಿ ತೋರಿಸಿಕೊಟ್ಟಂತೆ, ಪ್ಲಾಕ್ ಬೆಳೆಯತೊಡಗಿದಾಗ ಧಮನಿಯು ಮೊದಮೊದಲು ಹೊರಮುಖವಾಗಿ ಉಬ್ಬಿ ರಕ್ತದ ದಾರಿಯನ್ನು ಮೊದಲಿನಷ್ಟೇ ಅಗಲವಾಗಿ ಕಾಪಾಡಿಕೊಳ್ಳುತ್ತದೆ. ಆದುದರಿಂದಲೇ ಚಲಿಸುವ ಪಟ್ಟಿಯ ಮೇಲೆ ಓಡಿಸಿ ರಕ್ತಪ್ರವಾಹದ ಕೊರತೆಯನ್ನು ಪತ್ತೆಹಚ್ಚುವ ಟಿಎಂಟಿ ಎಂಬ ಪರೀಕ್ಷೆಗೆ ಈ ಹಂತದ ರೋಗವು ಗೋಚರಿಸುವುದಿಲ್ಲ. ‘ಟಿಎಂಟಿ ಚೆನ್ನಾಗಿಯೇ ಬಂದಿತ್ತು, ಆದರೂ ಹೀಗಾಯಿತು’ ಎಂದು ಶೋಕಗ್ರಸ್ತ ಮನೆಗಳಲ್ಲಿ ನಾವು ಕೇಳುವ ಮಾತಿನ ಹಿಂದಿರುವ ಶರೀರಸತ್ಯ ಇದು. ಅರ್ಧದಷ್ಟೂ ದಾರಿಯನ್ನು ಅಡ್ಡಗಟ್ಟದ ಪ್ಲಾಕ್ ಒಂದರ ಮುಚ್ಚಳ ಬಿರಿದು, ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಕೆಲವೇ ನಿಮಿಷಗಳಲ್ಲಿ ಪ್ರವಾಹ ನಿಂತುಹೋಗುವುದುಂಟು. ಅದು ಹೃದಯದಲ್ಲಿ ನಡೆದರೆ ಹೃದಯಾಘಾತ, ಕೊರಳಿನಿಂದ ಮೆದುಳಿಗೆ ಸಾಗುವ ಮಾರ್ಗದಲ್ಲಿ ನಡೆದರೆ ಲಕ್ವ.

ಇವೆರಡೂ ಒಂದೇ ವ್ಯಾಧಿಯ ಎರಡು ಮುಖಗಳೆಂಬುದಕ್ಕೆ ಹೂಸ್ಟನ್ ನಗರದ ಒಂದು ಪ್ರಸಂಗ ಸಾಕ್ಷಿಯಾಗಿದೆ. 1953ರ ಆಗಸ್ಟ್ 7ರಂದು ಅಲ್ಲಿಯ ಮೆಥಡಿಸ್ಟ್ ಆಸ್ಪತ್ರೆಯಲ್ಲಿ ಮೈಕೇಲ್ ಡಿಬೇಕಿ ಅವರು, ಪದೇಪದೇ ಲಕ್ವದ ಮುನ್ಸೂಚನೆಗಳಿಂದ ಪೀಡಿತನಾಗಿದ್ದ 53 ವರ್ಷದ ಬಸ್ಸಿನ ಚಾಲಕನೊಬ್ಬನ ಕೊರಳಿನ ಧಮನಿಯನ್ನು ತೆರೆದು, ಅದರೊಳಗಣ ಪ್ಲಾಕನ್ನು ಕೆತ್ತಿ ತೆಗೆದರು. ಈ ಬಗೆಯ ಶಸ್ತ್ರಕ್ರಿಯೆಗಳಲ್ಲಿ ಮೊತ್ತಮೊದಲು ಯಶಸ್ವಿಯಾದವುಗಳ ಸಾಲಿಗೆ ಅದು ಸೇರಿತು. ಆ ಮನುಷ್ಯನು ಮತ್ತೆ ಲಕ್ವಕ್ಕೆ ತುತ್ತಾಗದೆ 19 ವರ್ಷ ಬಾಳಿದನು. ಕಡೆಗೆ ಅವನ ಪ್ರಾಣವನ್ನು ಕೊಂಡೊಯ್ದುದು ಹೃದಯಧಮನಿಯ ರೋಗ. ಕೊರಳಿನ ಒಂದೆಡೆಯನ್ನು ಶುಚಿಮಾಡಿದ ಮಾತ್ರಕ್ಕೆ ದೇಹದ ಧಮನಿಗಳೆಲ್ಲ ಶುಚಿಯಾದಂತಲ್ಲವೆಂಬುದನ್ನೂ, ಕೊರಳಿನ ಭಿತ್ತಿಯನ್ನು ನೋಡಿದರೆ ಹೃದಯದ ಸ್ಥಿತಿಯನ್ನು ಸ್ವಲ್ಪಮಟ್ಟಿಗಾದರೂ ಊಹಿಸಬಹುದೆಂಬುದನ್ನೂ ಈ ಒಂದು ಜೀವಿತದಿಂದ ತಿಳಿಯಬಹುದು.

ಮುಂದೆ ಅದೇ ಹೂಸ್ಟನ್ನಿನಲ್ಲಿ ವಾರ್ಡ್ ಕ್ಯಾಸೆಲ್ಸ್, ಜೇಮ್ಸ್ ವಿಲರ್‌ಸನ್ ಮೊದಲಾದವರು, ಶಸ್ತ್ರಕ್ರಿಯೆಯಲ್ಲಿ ಆಗತಾನೆ ಹೊರತೆಗೆದ ಕೊರಳಧಮನಿಯ ಪ್ಲಾಕುಗಳ ಮೇಲೆ ಸೂಕ್ಷ್ಮವಾದ ಉಷ್ಣಮಾಪಕವನ್ನು ಇಟ್ಟು ಅಳೆದು, ಒಂದೇ ಪ್ಲಾಕಿನಲ್ಲಿ ಕೆಲವು ಎಡೆಗಳು ಇತರ ಎಡೆಗಳಿಗಿಂತ ಬಿಸಿಯಾಗಿರುವುದನ್ನು ಕಂಡು, ಅದನ್ನು 1996ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಬಿಳಿಯ ರಕ್ತಕಣಗಳು ಒತ್ತಾಗಿ ಸೇರಿ ಉರಿಯೂತ ನಡೆದಿರುವ ಆ ಬಿಸಿಯ ಎಡೆಗಳೇ ಮುಂದೆ ಬಿರಿಯತಕ್ಕವೆಂಬುದು ಅವರ ಅನುಮಾನ. ರೋಗದ ಗಾತ್ರಕ್ಕಿಂತ ಅದರ ಸ್ವಭಾವವು ಮುಖ್ಯವೆಂಬ ಈ ದೃಷ್ಟಿಯನ್ನು ಮುಂದುವರಿಸಿದವರಲ್ಲಿ ಹೂಸ್ಟನ್ನಿನವರೇ ಆದ ಮೊರ್ತೆಜಾ ನಗಾವಿ ಒಬ್ಬರು. ಅಪಾಯದ ಪ್ಲಾಕು ಯಾವುದೆಂದು ಒಂದೊಂದನ್ನೂ ಹುಡುಕುವುದಕ್ಕಿಂತ ಅಪಾಯದಲ್ಲಿರುವ ಮನುಷ್ಯನು ಯಾರೆಂದು ಹುಡುಕುವುದೇ ಲೇಸೆಂದು 2003ರಲ್ಲಿ ಅನೇಕ ವಿದ್ವಾಂಸರೊಡಗೂಡಿ ಪ್ರತಿಪಾದಿಸಿದ ಅವರು, ‘ಷೇಪ್’ ಎಂಬ ಸಂಸ್ಥೆಯ ಮೂಲಕ 2006ರಲ್ಲಿ ಒಂದು ಮಾರ್ಗಸೂಚಿಯನ್ನು ಹೊರಡಿಸಿ, ಅತ್ಯಲ್ಪ ಸಂಭವವುಳ್ಳವರನ್ನು ಬಿಟ್ಟು ಉಳಿದೆಲ್ಲ ನಡುವಯಸ್ಸಿನವರ ಧಮನಿಗಳನ್ನೂ ಚಿತ್ರದಲ್ಲಿ ನೋಡಬೇಕೆಂದು ಸಾರಿದರು. ಆಸ್ಟಿನ್ನಿನ ಶಾಸನವು ಹುಟ್ಟಿದುದು ಈ ಮಾರ್ಗಸೂಚಿಯ ಗರ್ಭದಿಂದಲೇ.

ನೋಡುವ ವಿಧಾನಗಳಾದರೂ ಎಂಥವು? ಸುಣ್ಣವನ್ನು ಅಳೆಯುವ ಸಿ.ಟಿ. ಪರೀಕ್ಷೆಯಲ್ಲಿ ಸೂಜಿಯಿಲ್ಲ, ಬಣ್ಣದ ಔಷಧವಿಲ್ಲ. ಮಲಗಿದವನು ಉಸಿರನ್ನು ಕೆಲವು ಕ್ಷಣ ಬಿಗಿಹಿಡಿದರೆ, ಎರಡು ಮಿಡಿತಗಳ ನಡುವೆ ಹೃದಯವು ನಿಶ್ಚಲವಾಗಿರುವ ಸಂದಿಯಲ್ಲಿ ಯಂತ್ರವು ಚಿತ್ರವನ್ನು ಹಿಡಿದುಕೊಳ್ಳುತ್ತದೆ. ತಾಗುವ ವಿಕಿರಣವು ಸುಮಾರು 1 ಮಿಲಿಸೀವರ್ಟ್. ನೆಲದಿಂದಲೂ ಆಗಸದಿಂದಲೂ ನಮಗೆ ಒಂದು ವರ್ಷದಲ್ಲಿ ಸಹಜವಾಗಿ ತಾಗುವುದು ಇದರ ಮೂರುಪಟ್ಟಿನಷ್ಟು. ಬಿಳಿಯಾಗಿ ಹೊಳೆಯುವ ಸುಣ್ಣದ ಚುಕ್ಕೆಗಳ ವಿಸ್ತಾರವನ್ನು ಅವುಗಳ ಸಾಂದ್ರತೆಯಿಂದ ಗುಣಿಸಿ ಕೂಡಿದರೆ ಬರುವ ಮೊತ್ತಕ್ಕೆ, 1990ರಲ್ಲಿ ಆ ಕ್ರಮವನ್ನು ರೂಪಿಸಿದ ಮಯಾಮಿಯ ಆರ್ಥರ್ ಅಗಾಟ್‌ಸ್ಟನ್ ಅವರ ಹೆಸರಿದೆ. ಕೊರಳಿನ ಅಲ್ಟ್ರಾಸೌಂಡಿನಲ್ಲಿ ವಿಕಿರಣದ ಮಾತೇ ಇಲ್ಲ. ಅಲ್ಲಿ ಅಳೆಯುವುದು ಭಿತ್ತಿಯ ಒಳಪದರಗಳ ದಪ್ಪ, ಮಿಲಿಮೀಟರಿನ ದಶಾಂಶಗಳಲ್ಲಿ. ಹೂಸ್ಟನ್ನಿನ ಬೇಲರ್ ವೈದ್ಯಕೀಯ ಕಾಲೇಜಿನ ವಿಜಯ್ ನಂಬಿ ಮತ್ತು ಕ್ರಿಸ್ಟಿ ಬ್ಯಾಲಂಟೈನ್ ಅವರು 13,145 ಮಂದಿಯನ್ನು ಸುಮಾರು 15 ವರ್ಷ ಅನುಸರಿಸಿದ ಲೆಕ್ಕಗಳನ್ನು ಪರಿಶೀಲಿಸಿ, ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲುಗಳ ಹಳೆಯ ಲೆಕ್ಕಕ್ಕೆ ಕೊರಳಿನ ಭಿತ್ತಿಯ ದಪ್ಪವನ್ನೂ ಪ್ಲಾಕಿನ ಇರವನ್ನೂ ಸೇರಿಸಿದರೆ, ನೂರರಲ್ಲಿ 23 ಜನರ ಅಪಾಯದ ವರ್ಗವೇ ಬದಲಾಗುವುದೆಂದು 2010ರಲ್ಲಿ ತೋರಿಸಿದರು. ಆದರೂ ದಪ್ಪವನ್ನು ಅಳೆಯುವ ಕೈ ಮತ್ತು ಕಣ್ಣು ಪ್ರಯೋಗಶಾಲೆಯಿಂದ ಪ್ರಯೋಗಶಾಲೆಗೆ ವ್ಯತ್ಯಾಸವಾಗುವ ಕಾರಣದಿಂದ, ದಿನನಿತ್ಯದ ಚಿಕಿತ್ಸೆಯಲ್ಲಿ ಇದನ್ನು ಆಶ್ರಯಿಸಬೇಡಿರೆಂದು ಅಮೆರಿಕದ ಹೃದ್ರೋಗ ಸಂಸ್ಥೆಗಳು 2013ರಲ್ಲಿ ಹೇಳಿದುವು. ಶಾಸನದಲ್ಲಿ ಬರೆದಿಟ್ಟ ವಾಕ್ಯ ಮಾತ್ರ ವಿಜ್ಞಾನದ ನಡಗೆಗೆ ಸರಿಯಾಗಿ ತಾನಾಗಿ ಬದಲಾಗುವುದಿಲ್ಲ. ಶಾಸನಸಭೆಯು ವೈದ್ಯದ ವಿವರಗಳಿಗೆ ಕೈಯಿಟ್ಟಾಗ ಎದುರಾಗುವ ತೊಡಕು ಇದು.

ಡಲ್ಲಾಸ್ ನಗರದ ಕೊಡುಗೆ ಇನ್ನೊಂದು ಬಗೆಯದು, ಮತ್ತು ನನ್ನ ಎಣಿಕೆಯಲ್ಲಿ ಈ ಕಥೆಯ ಅತ್ಯುತ್ತಮ ಭಾಗ. ಟೆಕ್ಸಸ್ ವಿಶ್ವವಿದ್ಯಾಲಯದ ಸೌತ್‌ವೆಸ್ಟರ್ನ್ ವೈದ್ಯಕೀಯ ಕೇಂದ್ರದ ಹೆಲೆನ್ ಹಾಬ್ಸ್, ರೊನಾಲ್ಡ್ ವಿಕ್ಟರ್ ಮುಂತಾದವರು 2000ದಲ್ಲಿ ಆರಂಭಿಸಿದ ‘ಡಲ್ಲಾಸ್ ಹೃದಯ ಅಧ್ಯಯನ’ವು ಆಸ್ಪತ್ರೆಗೆ ಬಂದವರನ್ನು ಆರಿಸಿಕೊಳ್ಳಲಿಲ್ಲ; ಜಿಲ್ಲೆಯ ಮನೆಗಳನ್ನು ಸಂಖ್ಯಾಶಾಸ್ತ್ರದ ಕ್ರಮದಿಂದ ಆಯ್ದು, ಬಾಗಿಲು ತಟ್ಟಿ, ಅಲ್ಲಿ ವಾಸವಾಗಿದ್ದವರನ್ನು ಕೇಳಿಕೊಂಡಿತು. ಆರು ಸಾವಿರಕ್ಕೆ ಮೇಲ್ಪಟ್ಟ ಜನರು ಒಪ್ಪಿದರು; ಅವರಲ್ಲಿ ಅರ್ಧದಷ್ಟು ಮಂದಿ ಕಪ್ಪುಜನರಾಗುವಂತೆ ಉದ್ದೇಶಪೂರ್ವಕವಾಗಿ ಏರ್ಪಡಿಸಲಾಗಿದ್ದಿತು, ಏಕೆಂದರೆ ಹೃದ್ರೋಗದಿಂದ ಹೆಚ್ಚಾಗಿ ಅಕಾಲಮರಣಕ್ಕೆ ಈಡಾಗುತ್ತಿದ್ದವರೂ ಶಾಸ್ತ್ರದ ಲೆಕ್ಕಗಳಲ್ಲಿ ಕಡಮೆಯಾಗಿ ಕಾಣುತ್ತಿದ್ದವರೂ ಅವರೇ. ಸುಮಾರು ಮೂರು ಸಾವಿರ ಮಂದಿಯ ಹೃದಯಗಳನ್ನೂ ಮಹಾಧಮನಿಗಳನ್ನೂ ಸಿ.ಟಿ. ಮತ್ತು ಎಂಆರ್‌ಐ ಯಂತ್ರಗಳಲ್ಲಿ ಚಿತ್ರಿಸಿಕೊಂಡು, ವರ್ಷಗಟ್ಟಲೆ ಅವರ ಯೋಗಕ್ಷೇಮವನ್ನು ವಿಚಾರಿಸುತ್ತ ಬಂದರು. ಅವರಲ್ಲಿ ಎರಡು ಸಾವಿರಕ್ಕೂ ಮಿಕ್ಕಿದವರ ವೃತ್ತಾಂತವನ್ನು ಸುಮಾರು 8 ವರ್ಷಗಳ ನಂತರ ಪರಿಶೀಲಿಸಿದಾಗ, ಹೊಟ್ಟೆಯ ಭಾಗದಲ್ಲಿ ಮಹಾಧಮನಿಯ ಭಿತ್ತಿ ದಪ್ಪಗಾಗಿದ್ದವರಲ್ಲಿ ಹೃದಯಾಘಾತ, ಲಕ್ವ ಮೊದಲಾದ ಆಪತ್ತುಗಳು ಹೆಚ್ಚಾಗಿ ಸಂಭವಿಸಿದುದು ಕಂಡುಬಂದು, ಅದು 2013ರಲ್ಲಿ ಪ್ರಕಟವಾಯಿತು. ಹೃದಯವನ್ನು ನೋಡದೆ ಹೊಟ್ಟೆಯ ಧಮನಿಯನ್ನು ನೋಡಿಯೇ ಲಕ್ವದ ಸಂಭವವನ್ನು ಅಂದಾಜುಮಾಡಬಹುದೆಂಬುದು ಧಮನಿಗಳ ಏಕತೆಗೆ ಮತ್ತೊಂದು ಪ್ರಮಾಣ.

ಈ ಅಧ್ಯಯನದಿಂದ ಹೊರಬಿದ್ದ ಮತ್ತೊಂದು ಫಲವನ್ನು ಹೇಳದೆ ಮುಂದುವರಿಯಲಾರೆ. ಅದೇ ಜನರ ರಕ್ತವನ್ನು ಪರಿಶೋಧಿಸುತ್ತಿದ್ದ ಹಾಬ್ಸ್ ಮತ್ತು ಜಾನಥನ್ ಕೋಹೆನ್ ಅವರು, ಪಿಸಿಎಸ್‌ಕೆ9 ಎಂಬ ವಂಶವಾಹಿಯು ಹುಟ್ಟಿನಿಂದಲೇ ನಿಷ್ಕ್ರಿಯವಾಗಿರುವ ಕೆಲವರಲ್ಲಿ ಕೊಲೆಸ್ಟರಾಲ್ ಅಸಾಧಾರಣವಾಗಿ ತಗ್ಗಿರುವುದನ್ನು 2005ರಲ್ಲಿ ಗುರುತಿಸಿದರು. ಅಂಥ ಕಪ್ಪುಜನರಲ್ಲಿ ಎಲ್‌ಡಿಎಲ್ ಶೇಕಡ 28ರಷ್ಟು ಕಡಮೆಯಿದ್ದರೆ ಹೃದಯಧಮನಿಯ ರೋಗವು ಶೇಕಡ 88ರಷ್ಟು ಕಡಮೆಯೆಂದು ಮರುವರ್ಷ ಅವರೇ ತೋರಿಸಿದರು. ಎಲ್‌ಡಿಎಲ್‌ನ ಇಳಿತ ಅಷ್ಟೊಂದು ದೊಡ್ಡದಲ್ಲ. ಫಲ ಮಾತ್ರ ಬಹು ದೊಡ್ಡದು. ಕಾರಣ, ಅದು ಅಂಬೆಗಾಲಿಡುವ ಕಾಲದಿಂದ ಅವಿಚ್ಛಿನ್ನವಾಗಿ ನಡೆದುಬಂದದ್ದು. ಧಮನಿಯ ಭಿತ್ತಿಯು ನಿನ್ನೆಯ ಊಟವನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ, ದಶಕಗಳನ್ನು ತೆಗೆದುಕೊಳ್ಳುತ್ತದೆ. ಚಿತ್ರದಲ್ಲಿ ನಾವು ಕಾಣುವುದು ಭವಿಷ್ಯವನ್ನಲ್ಲ, ಕಳೆದ ಮೂವತ್ತು ನಲವತ್ತು ವರ್ಷಗಳ ಸಂಚಯವನ್ನು. ಆ ಸಂಚಯದಿಂದ ಮುಂದಣ ಹತ್ತು ವರ್ಷಗಳನ್ನು ಊಹಿಸುತ್ತೇವೆ, ಅಷ್ಟೆ.

ಊಹೆಯಾದರೂ ದುರ್ಬಲವಾದುದಲ್ಲ. ಅಮೆರಿಕದ ಆರು ಕಡೆಗಳಲ್ಲಿ 6,814 ಮಂದಿಯನ್ನು ಅನುಸರಿಸಿದ ‘ಮೆಸಾ’ ಅಧ್ಯಯನದಲ್ಲಿ, ಸುಣ್ಣದ ಅಂಕಿ 300 ದಾಟಿದವರಿಗೆ ಹೃದಯಧಮನಿಯ ಆಪತ್ತಿನ ಸಂಭವ, ಸುಣ್ಣವೇ ಇಲ್ಲದವರ ಹತ್ತುಪಟ್ಟಿಗೆ ಹತ್ತಿರವಾಗಿದ್ದಿತು. ಸಂದೇಹದಲ್ಲಿರುವ ಮಧ್ಯಮ ಅಪಾಯದ ವರ್ಗದವರ ಮಟ್ಟಿಗೆ 2018ರ ಅಮೆರಿಕದ ಕೊಲೆಸ್ಟರಾಲ್ ಮಾರ್ಗಸೂಚಿಯು ಈ ಅಂಕಿಗೆ ತೀರ್ಪುಗಾರನ ಸ್ಥಾನವನ್ನು ಕೊಟ್ಟಿತು: ಸೊನ್ನೆಯಾದರೆ, ಸಕ್ಕರೆ ಕಾಯಿಲೆ, ಧೂಮಪಾನ, ಮನೆತನದ ಹೃದ್ರೋಗ ಇವು ಇಲ್ಲದಿರುವ ಪಕ್ಷದಲ್ಲಿ, ಕೊಲೆಸ್ಟರಾಲನ್ನು ತಗ್ಗಿಸುವ ಸ್ಟಾಟಿನ್ ಮಾತ್ರೆಯನ್ನು ಸದ್ಯಕ್ಕೆ ತಡೆಹಿಡಿಯಬಹುದು, 100 ಮುಟ್ಟಿದರೆ ಪ್ರಾರಂಭಿಸುವುದೇ ಯುಕ್ತ.

ಹಾಗಾದರೆ ಎಲ್ಲರನ್ನೂ ಯಂತ್ರದೊಳಗೆ ಮಲಗಿಸಬಾರದೇಕೆ? ಇದಕ್ಕೆ ಎದುರಾದ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. 2013ರ ಆಗಸ್ಟಿನಲ್ಲಿ, ಆಗ 67 ವರ್ಷದವರಾಗಿದ್ದ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಅವರು, ‘ಏರೋಬಿಕ್ಸ್’ ಗ್ರಂಥದಿಂದ ಲೋಕಖ್ಯಾತರಾದ ಕೆನೆತ್ ಕೂಪರ್ ಅವರ ಡಲ್ಲಾಸಿನ ಚಿಕಿತ್ಸಾಲಯದಲ್ಲಿ ವಾರ್ಷಿಕ ಪರೀಕ್ಷೆಗೆ ಹೋದಾಗ ಧಮನಿಯಲ್ಲಿ ತಡೆಯಿರುವುದು ಕಂಡು, ಮರುದಿನ ಅದೇ ನಗರದ ಪ್ರೆಸ್ಬಿಟೇರಿಯನ್ ಆಸ್ಪತ್ರೆಯಲ್ಲಿ ಅವರಿಗೆ ಸ್ಟೆಂಟ್ ಹಾಕಲಾಯಿತು. ಮೊದಲ ಪ್ರಕಟಣೆಯಲ್ಲಿ ಎದೆನೋವಿನ ಪ್ರಸ್ತಾಪವಿಲ್ಲದಿದ್ದುದರಿಂದ, ಲಕ್ಷಣವಿಲ್ಲದವನನ್ನು ಹುಡುಕಿ ಹುಡುಕಿ ಪರೀಕ್ಷಿಸಿ ಸ್ಟೆಂಟ್ ಹಾಕುವುದು ಉಚಿತವೆ ಎಂಬ ಚರ್ಚೆ ದೇಶದ ತುಂಬ ಎದ್ದಿತು. ಸ್ಥಿರವಾದ ರೋಗದಲ್ಲಿ ಸ್ಟೆಂಟು ಔಷಧಗಳಿಗಿಂತ ಹೆಚ್ಚಾಗಿ ಆಯುಸ್ಸನ್ನು ಬೆಳೆಸಲಾರದೆಂದು 2007ರ ‘ಕರೇಜ್’ ಪ್ರಯೋಗವು ಅದಕ್ಕೆ ಮುಂಚೆಯೇ ತೋರಿಸಿದ್ದಿತು. ಒಂದು ಚಿತ್ರವು ಇನ್ನೊಂದು ಚಿತ್ರಕ್ಕೂ, ಅದು ಕ್ಯಾತಿಟರಿಗೂ, ಅದು ಸ್ಟೆಂಟಿಗೂ ದಾರಿಯಾಗುವ ಸರಪಣಿಯನ್ನು ಒಮ್ಮೆ ಹಿಡಿದರೆ ಬಿಡಿಸಿಕೊಳ್ಳುವುದು ಕಷ್ಟ; ಎದೆಯ ಸ್ಕ್ಯಾನಿನಲ್ಲಿ ಅಕಸ್ಮಾತ್ತಾಗಿ ಕಂಡ ಶ್ವಾಸಕೋಶದ ಸಣ್ಣ ಗಂಟೊಂದು ನಿರಪಾಯವೆಂದು ತಿಳಿಯುವವರೆಗೆ ಮನೆಯವರೆಲ್ಲ ಅನ್ನನಿದ್ದೆಗಳನ್ನು ಮರೆಯುವುದೂ ಉಂಟು. ಅಮೆರಿಕ ಸರಕಾರಕ್ಕೆ ಸಲಹೆಯೀಯುವ ರೋಗನಿರೋಧ ಮಂಡಲಿಯು 2018ರಲ್ಲಿ ಸುಣ್ಣದ ಪರೀಕ್ಷೆಗೆ ಪ್ರಮಾಣ ಸಾಲದೆಂದಿತು. ಲಕ್ಷಣವಿಲ್ಲದವರ ಕೊರಳಧಮನಿ ಕಿರಿದಾಗಿದೆಯೆ ಎಂದು ಹುಡುಕುವುದೇ ಬೇಡವೆಂದು 2021ರಲ್ಲಿ ಮತ್ತೆ ಹೇಳಿತು. ಡೆನ್ಮಾರ್ಕಿನಲ್ಲಿ 65ರಿಂದ 74 ವರ್ಷದ ನಲವತ್ತಾರು ಸಾವಿರಕ್ಕೂ ಹೆಚ್ಚು ಗಂಡಸರ ಮೇಲೆ ನಡೆಸಿ 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಪರೀಕ್ಷೆಗೆ ಆಹ್ವಾನಿತರಾದವರಲ್ಲಿ ಶೇಕಡ 12.6, ಆಗದವರಲ್ಲಿ ಶೇಕಡ 13.1 ಮಂದಿ ಮರಣಹೊಂದಿದ್ದರು; ಈ ಅಂತರ ಆಕಸ್ಮಿಕವಲ್ಲವೆಂದು ಹೇಳುವಷ್ಟು ದೊಡ್ಡದಾಗಿರಲಿಲ್ಲ.

ಈ ಸಂದೇಹಗಳ ಜೊತೆಯಲ್ಲಿ ಸ್ವೀಡನ್ನಿನ ಒಂದು ಪ್ರಯೋಗವನ್ನು ಇಟ್ಟು ನೋಡಬೇಕು. ಉಮಿಯೋ ನಗರದ ಸಂಶೋಧಕರು ಮೂರೂವರೆ ಸಾವಿರ ಮಂದಿಯ ಕೊರಳಧಮನಿಗಳನ್ನು ಚಿತ್ರಿಸಿ, ಅರ್ಧ ಜನಕ್ಕೆ ಮಾತ್ರ ಆ ಚಿತ್ರವನ್ನು ಸುಲಭವಾದ ರೂಪದಲ್ಲಿ ಅವರಿಗೂ ಅವರ ವೈದ್ಯರಿಗೂ ಕಳುಹಿಸಿದರು. ಉಳಿದ ಅರ್ಧಕ್ಕೆ ಕಳುಹಿಸಲಿಲ್ಲ. ಒಂದು ವರ್ಷದ ಬಳಿಕ ನೋಡಿದರೆ, ಚಿತ್ರವನ್ನು ಕಂಡವರ ಅಪಾಯದ ಲೆಕ್ಕವು ಕಾಣದವರದಕ್ಕಿಂತ ಇಳಿದಿತ್ತು. ‘ನಿಮ್ಮಂಥ ನೂರು ಜನರಲ್ಲಿ ಎಂಟು ಮಂದಿಗೆ ಹತ್ತು ವರ್ಷದಲ್ಲಿ ಆಘಾತವಾಗಬಹುದು’ ಎಂದು ವೈದ್ಯನು ಹೇಳಿದಾಗ ಕೇಳುವವನು ತಾನು ಉಳಿದ ತೊಂಬತ್ತೆರಡರಲ್ಲಿ ಒಬ್ಬನೆಂದೇ ಭಾವಿಸುತ್ತಾನೆ, ಅದು ಮನುಷ್ಯಸ್ವಭಾವ. ತನ್ನದೇ ಧಮನಿಯಲ್ಲಿ ತನ್ನದೇ ಪ್ಲಾಕನ್ನು ಕಂಡವನಿಗೆ ಆ ಆಶ್ರಯ ಉಳಿಯುವುದಿಲ್ಲ. ಸ್ಕ್ಯಾನಿನ ನಿಜವಾದ ಪ್ರಯೋಜನ ಸ್ಟೆಂಟಿಗೆ ದಾರಿ ತೋರಿಸುವುದರಲ್ಲಿಲ್ಲ, ಮಾತ್ರೆಯನ್ನು ಬಿಡದೆ ನುಂಗಿಸುವುದರಲ್ಲಿಯೂ ಸಿಗರೇಟನ್ನು ಬಿಡಿಸುವುದರಲ್ಲಿಯೂ ಇದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ನಡಗೆಯನ್ನೂ ವ್ಯಾಯಾಮವನ್ನೂ ಅಂಕಿಗೆ ಹೆದರಿ ನಿಲ್ಲಿಸಬೇಕಾಗಿಲ್ಲ. ಕೂಪರ್ ಅವರ ಸಂಸ್ಥೆಯವರು 21,758 ಮಂದಿ ಗಂಡಸರನ್ನು ಅಭ್ಯಸಿಸಿ 2019ರಲ್ಲಿ ಪ್ರಕಟಿಸಿದಂತೆ, ಅತ್ಯಧಿಕವಾಗಿ ವ್ಯಾಯಾಮ ಮಾಡುವವರಲ್ಲಿ ಸುಣ್ಣ ಹೆಚ್ಚಾಗಿ ಕಂಡರೂ ಆ ವ್ಯಾಯಾಮದಿಂದ ಅವರ ಮರಣದ ಪ್ರಮಾಣ ಏರಲಿಲ್ಲ.

ಇನ್ನು ನಮ್ಮವರ ಮಾತು. ಡಲ್ಲಾಸ್ ಅಧ್ಯಯನದಲ್ಲಿ ಭಾರತೀಯರು ಗಣನೆಗೆ ಬಾರದಷ್ಟು ಕಡಮೆ. ಮೆಸಾದಲ್ಲಿ ಬಿಳಿಯರು, ಕಪ್ಪುಜನರು, ಹಿಸ್ಪಾನಿಕರು, ಚೀನೀಯರು ಇದ್ದರೇ ಹೊರತು ನಾವಿರಲಿಲ್ಲ. ಈ ಕೊರತೆಯನ್ನು ತುಂಬಲೆಂದು 2010ರಲ್ಲಿ ಅಲ್ಕಾ ಕನಾಯ ಅವರ ನೇತೃತ್ವದಲ್ಲಿ ಕ್ಯಾಲಿಫೋರ್ನಿಯಾ ಮತ್ತು ಷಿಕಾಗೋಗಳಲ್ಲಿ ಹೊರಟ ‘ಮಸಾಲಾ’ ಅಧ್ಯಯನದಲ್ಲಿ, ದಕ್ಷಿಣ ಏಷ್ಯದ ಗಂಡಸರ ಸುಣ್ಣದ ಭಾರವು ಬಿಳಿಯ ಗಂಡಸರದಕ್ಕೆ ಸಮವಾಗಿಯೂ ಉಳಿದ ಮೂರು ವರ್ಗಗಳಿಗಿಂತ ಹೆಚ್ಚಾಗಿಯೂ ಇರುವುದು ಕಂಡುಬಂದಿತು. ಜಗತ್ತಿನ ಐವತ್ತೆರಡು ದೇಶಗಳ ‘ಇಂಟರ್‌ಹಾರ್ಟ್’ ಸಮೀಕ್ಷೆಯ ಪ್ರಕಾರ ಮೊದಲ ಹೃದಯಾಘಾತವು ನಮ್ಮ ಪ್ರದೇಶದವರಿಗೆ ಸರಾಸರಿ 53ನೆಯ ವಯಸ್ಸಿನಲ್ಲಿ, ಉಳಿದವರಿಗಿಂತ ಸುಮಾರು 6 ವರ್ಷ ಮುಂಚಿತವಾಗಿ, ಬರುತ್ತದೆ. 2018ರ ಮಾರ್ಗಸೂಚಿಯು ದಕ್ಷಿಣ ಏಷ್ಯದ ವಂಶವನ್ನೇ ಅಪಾಯವನ್ನು ಹೆಚ್ಚಿಸುವ ಒಂದು ಕಾರಣವೆಂದು ಹೆಸರಿಸಿದುದು ಇಂಥ ಆಧಾರಗಳ ಬಲದಿಂದ.

2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ, ದೃಢಕಾಯರೆಂದೇ ನಾಡಿಗೆ ಪರಿಚಿತರಾಗಿದ್ದ ಚಿತ್ರನಟ ಪುನೀತ್ ರಾಜ್‌ಕುಮಾರ್ ಅವರು ತೀರಿಕೊಂಡಾಗ, ಬೆಂಗಳೂರಿನ ಜಯದೇವ ಸಂಸ್ಥೆಯ ಮುಂದೆ ಹೃದಯವನ್ನು ಪರೀಕ್ಷಿಸಿಕೊಳ್ಳುವವರ ಸಾಲು ಬೆಳೆದುದನ್ನು ಎಲ್ಲರೂ ಬಲ್ಲರು. ಆ ದುಃಖವೂ ಭಯವೂ ಟೆಕ್ಸಸ್ಸಿನ ಕನ್ನಡಿಗರ ಮನೆಗಳನ್ನು ಹೊಗದೆ ಇರಲಿಲ್ಲ. ಅಂಥ ಭಯದಿಂದ ಸ್ಕ್ಯಾನಿಗೆ ಹೋಗುವ ಮೂವತ್ತೈದು ನಲವತ್ತರ ತರುಣರಿಗೆ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಸುಣ್ಣವು ಪ್ಲಾಕಿನ ಮುಪ್ಪಿನಲ್ಲಿ ಬರುವುದು. ಎಳೆಯ, ಮೆತ್ತಗಿನ, ಬಿರಿಯಲು ಸುಲಭವಾದ ಪ್ಲಾಕು ಈ ಪರೀಕ್ಷೆಗೆ ಕಾಣುವುದಿಲ್ಲ. ಅರವತ್ತರಲ್ಲಿ ಬಂದ ಸೊನ್ನೆ ಬಹುದೊಡ್ಡ ಸಮಾಧಾನ; ಮೂವತ್ತೈದರಲ್ಲಿ ಬಂದ ಸೊನ್ನೆಯಿಂದ ಮನೆತನದಲ್ಲಿ ಹೃದ್ರೋಗವುಳ್ಳವನು ನಿಶ್ಚಿಂತನಾಗಕೂಡದು. ಅವನಿಗೆ ಸ್ಕ್ಯಾನಿಗಿಂತ ಮೊದಲು ಆಗಬೇಕಾದುದು ರಕ್ತದೊತ್ತಡ, ಸಕ್ಕರೆ, ಎಲ್‌ಡಿಎಲ್‌ಗಳ ಪರೀಕ್ಷೆ, ಮತ್ತು ಹುಟ್ಟಿನಿಂದ ಬರುವ, ಆಯುಸ್ಸಿನಲ್ಲಿ ಒಮ್ಮೆ ಅಳೆದರೆ ಸಾಕಾಗುವ ಲಿಪೊಪ್ರೋಟೀನ್-ಎ ಎಂಬುದರ ಪರೀಕ್ಷೆ.

ಶಾಸನದ ವಿಷಯದಲ್ಲಿಯೂ ಒಂದು ಮಾತು ಉಳಿದಿದೆ. 1974ರ ಕೇಂದ್ರ ಕಾನೂನಿನ ಪ್ರಕಾರ, ನೌಕರರ ವೈದ್ಯವೆಚ್ಚವನ್ನು ತಾವೇ ಹೊರುವ ಕಂಪೆನಿಗಳ ಆರೋಗ್ಯಯೋಜನೆಗಳಿಗೆ ಸಂಸ್ಥಾನದ ವಿಮಾ ಶಾಸನಗಳು ಅನ್ವಯಿಸುವುದಿಲ್ಲ. ನಮ್ಮವರಲ್ಲಿ ಬಹುಮಂದಿ ದುಡಿಯುವ ದೊಡ್ಡ ದೊಡ್ಡ ತಂತ್ರಜ್ಞಾನ ಕಂಪೆನಿಗಳಲ್ಲಿ ಇಂಥ ಯೋಜನೆಗಳೇ ಹೆಚ್ಚು. ಆದುದರಿಂದ ಆಸ್ಟಿನ್ನಿನ ಕಾನೂನಿನ 200 ಡಾಲರುಗಳು ಅವರ ಕೈಗೆ ಬರುವುದೆಂಬ ಭರವಸೆಯಿಲ್ಲ. ಕೈಯಿಂದಲೇ ತೆತ್ತರೆ ಅನೇಕ ಆಸ್ಪತ್ರೆಗಳಲ್ಲಿ ಸುಣ್ಣದ ಪರೀಕ್ಷೆಗೆ ಬೀಳುವುದು 100 ಡಾಲರಿನ ಆಸುಪಾಸು. ತಮ್ಮ ಯೋಜನೆ ಯಾವ ಬಗೆಯದೆಂದು ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಮೊದಲ ಕೆಲಸ. ಡಲ್ಲಾಸಿನ ಮಲ್ಲಿಗೆ ಕನ್ನಡ ಸಂಘವೂ ಹೂಸ್ಟನ್ ಕನ್ನಡ ವೃಂದವೂ ಆಸ್ಟಿನ್ ಕನ್ನಡ ಸಂಘವೂ ಯುಗಾದಿಗೂ ರಾಜ್ಯೋತ್ಸವಕ್ಕೂ ಕುಟುಂಬಗಳನ್ನು ಒಂದೆಡೆ ಸೇರಿಸುವ ಶಕ್ತಿಯುಳ್ಳವು; ಊಟಕ್ಕೆ ಮುಂಚೆ ಅರ್ಧಗಂಟೆ ಬಿಡುವುಮಾಡಿ, ಸಭೆಯಲ್ಲಿಯೇ ಇರುವ ನಮ್ಮ ವೈದ್ಯರಿಂದ ಈ ಅಂಕಿಗಳ ಅರ್ಥವನ್ನು ಕನ್ನಡದಲ್ಲಿ ಹೇಳಿಸಿದರೆ, ಊರಿನಿಂದ ಮಕ್ಕಳ ಮನೆಗೆ ಬಂದು ಆರು ತಿಂಗಳು ಇರುವ ತಂದೆತಾಯಿಗಳಿಗೂ ಅದು ತಿಳಿಯುತ್ತದೆ. ಸಂದರ್ಶಕರಾಗಿ ಬಂದ ಆ ಹಿರಿಯರಿಗೆ ಟೆಕ್ಸಸ್ಸಿನ ಕಾನೂನು ಯಾವ ನೆರವನ್ನೂ ಕೊಡುವುದಿಲ್ಲ. ಅವರ ರಕ್ತದೊತ್ತಡದ ಮಾತ್ರೆ ನಡುವೆ ಮುಗಿದುಹೋಗದಂತೆ ನೋಡಿಕೊಳ್ಳುವುದು ಮಕ್ಕಳ ಪಾಲಿಗೆ ಬಂದುದು.